ಗಗನದ ಕೋಟೆ, ನೆಲದ ದಿಡ್ಡಿ ಬಾಗಿಲು

ಇಂದಿನ ಯುಗವನ್ನು ಅಂತರಿಕ್ಷ ಯುಗವೆಂದು ಕರೆಯುವುದು ರೂಢಿಯಾಗಿದೆ. ರಾಕೆಟ್ಟು ಹಾರಿದ ದಿನ ನಾವೆಲ್ಲರೂ ಹೆಮ್ಮೆಯಿಂದ ಚಪ್ಪಾಳೆ ತಟ್ಟುತ್ತೇವೆ. ಒಂದು ವಾರ ಕಳೆಯುವುದರೊಳಗೆ ಅದನ್ನು ಮರೆಯುತ್ತೇವೆ. ಮೇಲೆ ಹೋದ ಆ ಯಂತ್ರವು ಹತ್ತು ಹದಿನೈದು ವರ್ಷಗಳ ಕಾಲ ಯಾರ ಆಜ್ಞೆಯಂತೆ ನಡೆಯುತ್ತದೆ, ಆ ಆಜ್ಞೆಯು ನಿಜವಾಗಿ ಅದರ ಯಜಮಾನನದೇ ಎಂಬುದನ್ನು ಹೇಗೆ ಅರಿಯುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯನ್ನು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡುವುದೇ ಈ ಚಿಕ್ಕ ಲೇಖನದ ಉದ್ದೇಶ.

“ಅದು ಇಸ್ರೋದವರ ಕೆಲಸ, ಹೆಚ್ಚೆಂದರೆ ಸೈನ್ಯದವರ ಕೆಲಸ. ಇತಿಹಾಸ, ಕನ್ನಡ, ಅರ್ಥಶಾಸ್ತ್ರ ಓದುವ ನಮಗೇಕೆ ಈ ಉಸಾಬರಿ?” ಎಂದು ಕೇಳುವವರುಂಟು. ಸಿಂಧನೂರು ಭತ್ತದ ಸೀಮೆ, ಲಿಂಗಸುಗೂರು ಹಟ್ಟಿಯ ಚಿನ್ನದ ಸೀಮೆ, ಮಸ್ಕಿ ಅಶೋಕನ ಶಾಸನದ ಸೀಮೆ; ಇಲ್ಲಿ ಉಪಗ್ರಹದ ಮಾತೇಕೆ ಎಂದೂ ಅನ್ನಬಹುದು. ಆದರೆ ಸ್ವಲ್ಪ ಯೋಚಿಸಿದರೆ, ಈ ದೋಆಬಿನ ನೆಲಕ್ಕೂ ಉಪಗ್ರಹಕ್ಕೂ ಇರುವ ನಂಟು ಹಳೆಯದೆಂಬುದು ತಿಳಿಯುತ್ತದೆ.

1975ನೆಯ ಇಸವಿಯ ಆಗಸ್ಟ್ 1ರಂದು ಭಾರತದಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಶಿಕ್ಷಣ ಕೊಡುವ ‘ಸೈಟ್’ ಎಂಬ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಕರ್ನಾಟಕದಲ್ಲಿ ಆ ಭಾಗ್ಯ ಬಂದದ್ದು ಬೆಂಗಳೂರಿಗಲ್ಲ, ಮೈಸೂರಿಗಲ್ಲ. ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಿಗೆ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿಯ ಕೊಡೆಗಳನ್ನು ಹಳ್ಳಿಗಳಲ್ಲಿ ನಿಲ್ಲಿಸಿ, ಆಕಾಶದಿಂದ ಬಂದ ಚಿತ್ರವನ್ನು ಜನ ಗುಂಪುಗೂಡಿ ನೋಡಿದರು. ಆದರೆ ಆ ಉಪಗ್ರಹ ನಮ್ಮದಾಗಿರಲಿಲ್ಲ. ಅಮೆರಿಕದ ನಾಸಾ ಸಂಸ್ಥೆಯು ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಅದರ ಪ್ರಸಾರವೂ ನಿಂತಿತು. ಅದರಲ್ಲಿ ಯಾರ ತಪ್ಪೂ ಇಲ್ಲ, ಒಪ್ಪಂದವೇ ಹಾಗಿತ್ತು. ಆದರೂ ಉಪಗ್ರಹಕ್ಕೆ ಆಜ್ಞೆ ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಉಪಗ್ರಹವು ಅವರದೇ ಎಂಬ ಪಾಠ ಆ ಹಳ್ಳಿಗಳ ಕತ್ತಲಾದ ಪರದೆಯ ಮೇಲೆ ಅಂದೇ ಬರೆದಿತ್ತು.

ಅಂದು ಹೋದದ್ದು ಒಂದು ಸಂಜೆಯ ಕಾರ್ಯಕ್ರಮ. ಇಂದು ಹಾಗಲ್ಲ. ಮಾಳಿಗೆಯ ಮೇಲಿನ ತಟ್ಟೆಗೆ ಬರುವ ಡಿಡಿ ಫ್ರೀ ಡಿಶ್ ವಾಹಿನಿಗಳು ಜಿಸ್ಯಾಟ್-15 ಉಪಗ್ರಹದಿಂದ ಬರುತ್ತವೆ. ಸಸಿ ನಾಟಿಗೆ ಮುನ್ನ ರೈತ ಕೇಳುವ ಮಳೆಯ ಮುನ್ಸೂಚನೆಯ ಹಿಂದೆ, 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್‌ನಂಥ ಹವಾಮಾನ ಉಪಗ್ರಹಗಳ ಚಿತ್ರಗಳಿವೆ. ಮೊಬೈಲ್ ಗೋಪುರಗಳು ತಮ್ಮ ಗಡಿಯಾರವನ್ನು ಒಂದಕ್ಕೊಂದು ಸರಿಹೊಂದಿಸಿಕೊಳ್ಳಲು ಉಪಗ್ರಹಗಳ ಸಮಯವನ್ನು ಆಶ್ರಯಿಸುತ್ತವೆ. ತಂತಿ ತಲುಪದ ಕಡೆ ಬ್ಯಾಂಕಿನ ಹಣಯಂತ್ರವೂ ಉಪಗ್ರಹದ ಮೂಲಕವೇ ಲೆಕ್ಕ ಕೇಳುತ್ತದೆ. ಹೀಗೆ, ಆಕಾಶದಲ್ಲಿ ಕೆಡುಕಾದರೆ ಅದರ ಬಿಸಿ ಸಿಂಧನೂರಿನ ಅಕ್ಕಿ ಗಿರಣಿಗೂ ಲಿಂಗಸುಗೂರಿನ ಸಂತೆಗೂ ತಟ್ಟದೆ ಇರದು.

ಇನ್ನು ಉಪಗ್ರಹವನ್ನು ನಡೆಸುವ ಬಗೆಯನ್ನು ನೋಡೋಣ. ನಮ್ಮ ದೇಶದ ಭೂಸ್ಥಿರ ಉಪಗ್ರಹಗಳು ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಅವುಗಳ ಸಾರಥ್ಯ ನಮ್ಮದೇ ರಾಜ್ಯದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿದೆ. ಭೋಪಾಲಿನಲ್ಲಿ ಇನ್ನೊಂದು ಕೇಂದ್ರವಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ದೂರದ ಅಂತರಿಕ್ಷ ನೌಕೆಗಳೊಡನೆ ಮಾತಾಡುವ ದೊಡ್ಡ ಆಂಟೆನಾಗಳೂ, ನಮ್ಮ ‘ನಾವಿಕ್’ ದಾರಿ ತೋರುವ ಉಪಗ್ರಹಗಳ ಕೇಂದ್ರವೂ ಇವೆ. ಇಲ್ಲಿಂದ ರೇಡಿಯೋ ತರಂಗಗಳ ಮೂಲಕ “ಇತ್ತ ತಿರುಗು, ಈ ಯಂತ್ರ ನಿಲ್ಲಿಸು, ಇಷ್ಟು ಇಂಧನ ಉರಿಸು” ಎಂಬ ಆಜ್ಞೆಗಳು ಹೋಗುತ್ತವೆ. ಉಪಗ್ರಹವು ಆಜ್ಞಾಧಾರಕ. ಸುಳ್ಳು ಆಜ್ಞೆಯನ್ನು ನಿಜವೆಂದು ನಂಬಿದರೆ ಅದು ತನ್ನ ಇಂಧನವನ್ನೆಲ್ಲ ಉರಿಸಿ ತಾನೇ ನಿಷ್ಪ್ರಯೋಜಕವಾಗಬಲ್ಲುದು. ಕೆಟ್ಟರೆ ಹೋಗಿ ರಿಪೇರಿ ಮಾಡುವ ಮಿಸ್ತ್ರಿಯೂ ಅಲ್ಲಿಲ್ಲ.

ಇಂಥ ವ್ಯವಸ್ಥೆಗೆ ಕೇಡು ಮೂರು ಬಗೆಯಲ್ಲಿ ಬರುತ್ತದೆ. ಮೊದಲನೆಯದು ಗದ್ದಲ: ಪ್ರಬಲವಾದ ತರಂಗವನ್ನು ಬಿಟ್ಟು ನಿಜವಾದ ದನಿ ಕೇಳಿಸದಂತೆ ಮಾಡುವುದು. ಇದನ್ನು ಜಾಮಿಂಗ್ ಎನ್ನುತ್ತಾರೆ. ಎರಡನೆಯದು ಸೋಗು: ಉಪಗ್ರಹದ್ದೇ ಎಂಬಂತೆ ಸುಳ್ಳು ಸಂಕೇತವನ್ನು ಕಳುಹಿಸುವುದು. ಇದು ಸ್ಪೂಫಿಂಗ್. ಮೂರನೆಯದು ಕನ್ನ: ನೆಲದ ಮೇಲಿನ ಕಂಪ್ಯೂಟರುಗಳೊಳಗೆ ನುಗ್ಗಿ ಯಜಮಾನನ ಪೀಠದಲ್ಲಿಯೇ ಕುಳಿತು ಆಜ್ಞೆ ಮಾಡುವುದು. ಇವು ಮೂರೂ ಕೇವಲ ಕಲ್ಪನೆಗಳಲ್ಲ, ಜಗತ್ತಿನಲ್ಲಿ ನಡೆದುಹೋಗಿವೆ.

1986ರ ಏಪ್ರಿಲ್ 27ರ ರಾತ್ರಿ ಅಮೆರಿಕದ ಫ್ಲಾರಿಡಾದಲ್ಲಿ ಉಪಗ್ರಹ ಪ್ರಸಾರ ಕೇಂದ್ರವೊಂದರ ಎಂಜಿನಿಯರನೊಬ್ಬನು, ಎಚ್.ಬಿ.ಒ. ಎಂಬ ಟೆಲಿವಿಷನ್ ಸಂಸ್ಥೆಯ ದರದ ಮೇಲಿನ ಸಿಟ್ಟಿಗೆ, ತನ್ನ ಕೇಂದ್ರದ ಆಂಟೆನಾವನ್ನು ಆ ಸಂಸ್ಥೆಯ ಉಪಗ್ರಹದತ್ತ ತಿರುಗಿಸಿದ. ನಾಲ್ಕೂವರೆ ನಿಮಿಷ ದೇಶದ ಜನ ಸಿನಿಮಾದ ಬದಲು ‘ಕ್ಯಾಪ್ಟನ್ ಮಿಡ್‌ನೈಟ್’ ಎಂಬ ಹೆಸರಿನಲ್ಲಿ ಅವನ ದೂರನ್ನು ಓದಿದರು. ಅವನಿಗೆ 5000 ಡಾಲರ್ ದಂಡವಾಯಿತು. ಅಷ್ಟೇ ಆಗಿದ್ದರೆ ಅದೊಂದು ತಮಾಷೆಯ ಕಥೆ. ಆದರೆ ಆ ಘಟನೆಯ ಬಳಿಕ, ಮೇಲಕ್ಕೆ ಹೋಗುವ ಟೆಲಿವಿಷನ್ ತರಂಗವು ತನ್ನನ್ನು ಕಳುಹಿಸಿದ ಯಂತ್ರದ ಗುರುತನ್ನು ಹೊತ್ತೇ ಹೋಗಬೇಕೆಂಬ ನಿಯಮವನ್ನು ಅಲ್ಲಿಯವರು ತಂದರು.

ಸೋಗಿನ ಹಾವಳಿ ನಮ್ಮ ದೇಶಕ್ಕೂ ಬಂದಿದೆ. 2023ರ ನವೆಂಬರಿನಿಂದ 2025ರ ಫೆಬ್ರವರಿಯವರೆಗೆ ಗಡಿಪ್ರದೇಶದಲ್ಲಿ, ಅದರಲ್ಲಿಯೂ ಅಮೃತಸರ ಮತ್ತು ಜಮ್ಮು ಭಾಗಗಳಲ್ಲಿ, ವಿಮಾನಗಳ ಜಿ.ಪಿ.ಎಸ್. ಸಂಕೇತಕ್ಕೆ ಅಡ್ಡಿಯಾದ 465 ಪ್ರಕರಣಗಳು ವರದಿಯಾದವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. 2025ರ ನವೆಂಬರಿನಲ್ಲಿ ದಿಲ್ಲಿಯ ಸುತ್ತಮುತ್ತಲೇ ಇಂಥದು ನಡೆಯಿತು. ಇಪ್ಪತ್ತು ಸಾವಿರ ಕಿಲೋಮೀಟರ್ ದೂರದಿಂದ ಬರುವ ಜಿ.ಪಿ.ಎಸ್. ಸಂಕೇತವು ನೆಲ ಮುಟ್ಟುವ ಹೊತ್ತಿಗೆ ತೀರ ಕ್ಷೀಣವಾಗಿರುತ್ತದೆ. ಹತ್ತಿರದಲ್ಲಿ ನಿಂತು ಗಟ್ಟಿಯಾಗಿ ಸುಳ್ಳು ಹೇಳುವವನ ಮುಂದೆ ದೂರದ ಸತ್ಯವಂತನ ಪಿಸುಮಾತು ಸೋಲುತ್ತದೆ.

ಮೂರನೆಯ ಬಗೆಯೇ ಎಲ್ಲಕ್ಕಿಂತ ಭಯಂಕರವಾದುದು. 2008ರಲ್ಲಿ ಅಮೆರಿಕದ ಟೆರ್ರಾ ಎಂಬ ಭೂವೀಕ್ಷಣೆಯ ಉಪಗ್ರಹಕ್ಕೆ ಎರಡು ಬಾರಿ ಪರಕೀಯರು ಅಡ್ಡಿಪಡಿಸಿದರೆಂದೂ, ಆಜ್ಞೆ ಕೊಡಲು ಬೇಕಾದ ಎಲ್ಲ ಮೆಟ್ಟಿಲುಗಳನ್ನೂ ಏರಿದರೂ ಆಜ್ಞೆಯನ್ನು ಮಾತ್ರ ಕೊಡಲಿಲ್ಲವೆಂದೂ 2011ರಲ್ಲಿ ಆ ದೇಶದ ಸಂಸತ್ತಿಗೆ ಸಲ್ಲಿಸಿದ ಆಯೋಗದ ವರದಿಯೊಂದು ಹೇಳಿತು. ಕಳ್ಳ ತಿಜೋರಿಯ ಬಾಗಿಲು ತೆರೆದು, ಒಳಗೆ ನೋಡಿ, ಏನನ್ನೂ ಮುಟ್ಟದೆ ಹೋದಂತೆ.

2022ರ ಫೆಬ್ರವರಿ 24ರಂದು ಮಾತ್ರ ಕಳ್ಳ ಬರಿಗೈಯಲ್ಲಿ ಹೋಗಲಿಲ್ಲ. ರಷ್ಯದ ಸೈನ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದ ಆ ದಿನವೇ ಕೆಎ-ಸ್ಯಾಟ್ ಎಂಬ ಉಪಗ್ರಹದ ಮೂಲಕ ಅಂತರ್ಜಾಲ ಪಡೆಯುತ್ತಿದ್ದ ಸಾವಿರಾರು ಜನರ ಮೋಡೆಮ್‌ಗಳು ಸತ್ತುಹೋದವು. ಮುಂದೆ ಐರೋಪ್ಯ ಒಕ್ಕೂಟ, ಬ್ರಿಟನ್, ಅಮೆರಿಕಗಳು ಇದನ್ನು ರಷ್ಯದ ಕೃತ್ಯವೆಂದು ಸಾರಿದವು. ಯುಕ್ರೇನಿಗೆ ಬೀಸಿದ ಈ ಪೆಟ್ಟು ಜರ್ಮನಿಗೂ ಬಿತ್ತು: ಅಲ್ಲಿನ ಸುಮಾರು 5800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಸಂಪರ್ಕವೇ ಕಡಿದುಹೋಯಿತು. ಆ ಉಪಗ್ರಹಕ್ಕೆ ಏನಾಗಿತ್ತು? ಏನೂ ಆಗಿರಲಿಲ್ಲ. ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ದಾಳಿಕಾರರು ನೆಲದ ಮೇಲಿನ ಜಾಲದಲ್ಲಿ ಸರಿಯಾಗಿ ಜೋಡಿಸದಿದ್ದ ಒಂದು ಪ್ರವೇಶ ಉಪಕರಣದ ಮೂಲಕ ಒಳಹೊಕ್ಕು, ಮೋಡೆಮ್‌ಗಳನ್ನು ನೋಡಿಕೊಳ್ಳುವ ಅಧಿಕಾರಿಯ ಸ್ಥಾನದಿಂದಲೇ ಅವುಗಳ ಸ್ಮೃತಿಯನ್ನು ಅಳಿಸುವ ಆಜ್ಞೆ ಕಳುಹಿಸಿದ್ದರು. ನಮ್ಮ ಎಡದಂಡೆ ಕಾಲುವೆಯ ಮಾತಿನಲ್ಲಿ ಹೇಳುವುದಾದರೆ, ಅಣೆಕಟ್ಟು ಭದ್ರವಾಗಿತ್ತು, ಕಾಲುವೆಯಲ್ಲಿ ನೀರೂ ಇತ್ತು. ಯಾರೋ ಎಂಜಿನಿಯರರ ಹೆಸರಿನಲ್ಲಿ ಸುಳ್ಳು ಹುಕುಂ ಕಳುಹಿಸಿ ಊರೂರಿನ ತೂಬುಗಳನ್ನು ಒಮ್ಮೆಗೇ ಮುಚ್ಚಿಸಿದರು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆಯನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಬಹಮನಿಯವರೂ ವಿಜಯನಗರದವರೂ ಆ ಕೋಟೆಗಾಗಿ ಮತ್ತೆಮತ್ತೆ ಕಾದಾಡಿದರು. ಕಂದಕ, ಬುರುಜು, ದಪ್ಪ ಗೋಡೆ ಎಲ್ಲವೂ ಅಲ್ಲಿವೆ. ಆದರೆ ಎಂಥ ಕೋಟೆಗೂ ಬಾಗಿಲು ಬೇಕು. ಬಾಗಿಲಿದ್ದ ಮೇಲೆ ಅದನ್ನು ಕಾಯುವ ಮನುಷ್ಯನೂ ಬೇಕು. ಉಪಗ್ರಹವು ಗಗನದ ಕೋಟೆ. ಅದರ ದಿಡ್ಡಿ ಬಾಗಿಲು ಮಾತ್ರ ನೆಲದ ಮೇಲಿದೆ. ಆ ಬಾಗಿಲು ಹಾಸನದಲ್ಲಿದೆ, ಸಾಮಾನು ಒದಗಿಸುವ ಕಂಪನಿಯ ಕಚೇರಿಯಲ್ಲಿದೆ, ಯಾವುದೋ ಊರಿನ ಬ್ಯಾಂಕಿನ ಮೂಲೆಯಲ್ಲಿ ಧೂಳು ಹಿಡಿದ ಪೆಟ್ಟಿಗೆಯಲ್ಲಿಯೂ ಇದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಈಗ ಮಸ್ಕಿಗೆ ಬರೋಣ. ಏಕೆಂದರೆ ಈ ಸಮಸ್ಯೆಯ ಹೃದಯಕ್ಕೆ ಹೋಗುವ ದಾರಿ ಅಲ್ಲಿಂದ ಹತ್ತಿರ. ಭಾರತದ ನಾನಾ ಕಡೆ ‘ದೇವಾನಾಂಪ್ರಿಯ’ನೆಂಬ ರಾಜನ ಶಾಸನಗಳು ಸಿಕ್ಕಿದ್ದವು. ಅವನು ಅಶೋಕನೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ಊಹಿಸಿದ್ದರು. ಆದರೆ ಶಾಸನದಲ್ಲಿಯೇ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯ ಬಂಡೆಯ ಬರಹವನ್ನು ಬೆಳಕಿಗೆ ತಂದಾಗ ಅದರಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಮಾತು ಯಾರದೆಂಬ ಪ್ರಶ್ನೆಗೆ ಉತ್ತರ ದೊರೆಯಿತು. ಆ ಒಂದು ಹೆಸರಿನ ಬಲದಿಂದ ದೂರದೂರದ ಬಂಡೆಗಳ ಬರಹಗಳಿಗೂ ಒಡೆಯನು ಖಚಿತನಾದನು.

ಉಪಗ್ರಹ ರಕ್ಷಣೆಯ ಮೂಲ ಪ್ರಶ್ನೆಯೂ ಇದೇ. ಸಂದೇಶವನ್ನು ಗುಟ್ಟಾಗಿಡುವುದು ಒಂದು. ಅದು ಇಂಥವರದೇ ಎಂದು ರುಜುವಾತುಪಡಿಸುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯದಲ್ಲ. ಬಂಡೆಯ ಮೇಲಿನ ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು. ಆದರೆ ಇಂದಿನ ಗಣಿತವು ಬೇರೆಯವರು ಹಾಕಲಾರದ ರುಜುವನ್ನು ಸಾಧ್ಯಗೊಳಿಸಿದೆ. ಯುರೋಪಿನ ಗೆಲಿಲಿಯೋ ಉಪಗ್ರಹಗಳು 2025ರ ಜುಲೈಯಿಂದ ತಮ್ಮ ಸಾರ್ವಜನಿಕ ಸಂದೇಶದ ಜೊತೆಗೆ ಇಂಥ ರುಜುವಾತನ್ನೂ ಸೇವೆಯಾಗಿ ಕೊಡತೊಡಗಿದವು. ಗುಟ್ಟಿಲ್ಲದ, ಎಲ್ಲರೂ ಕೇಳಬಹುದಾದ ಸಂದೇಶ. ಆದರೂ ಸೋಗು ಹಾಕುವವನು ಸಿಕ್ಕಿಬೀಳುತ್ತಾನೆ. ನಮ್ಮ ನಾವಿಕ್‌ನಲ್ಲಿ ಅಧಿಕೃತರಿಗೆ ಮಾತ್ರ ಮೀಸಲಾದ ಗುಪ್ತ ಸೇವೆಯೊಂದುಂಟು, ಎಲ್ಲರಿಗೂ ತೆರೆದ ಸೇವೆಯೊಂದುಂಟು. ಸೈನಿಕನಿಗೆ ಮಾತ್ರವಲ್ಲ, ಮೀನುಗಾರನಿಗೂ ಲಾರಿಯವನಿಗೂ ಸಂಕೇತವು ನಿಜವೆಂದು ತಿಳಿಯುವ ಹಕ್ಕಿದೆ. ತೆರೆದ ಸೇವೆಗೂ ಸೋಗಿಗೆ ಬಗ್ಗದ ರುಜು ಇರಬೇಕೆಂಬುದು ನನ್ನ ಮೊದಲನೆಯ ಮಾತು.

ಎರಡನೆಯ ಮಾತು ನೆಲದ ಕೊನೆಯ ಪೆಟ್ಟಿಗೆಯ ವಿಚಾರ. 2020ರ ಬಳಿಕ ನಮ್ಮಲ್ಲಿ ಖಾಸಗಿಯವರಿಗೂ ಅಂತರಿಕ್ಷದ ಬಾಗಿಲು ತೆರೆಯಿತು. ಬೆಂಗಳೂರಿನ ತರುಣರೇ ಉಪಗ್ರಹಗಳನ್ನು ಕಟ್ಟಿ ಹಾರಿಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಅಗ್ಗದ ಸ್ಪರ್ಧೆಯಲ್ಲಿ ಮೊದಲು ಬಿಟ್ಟುಹೋಗುವುದು ಕಣ್ಣಿಗೆ ಕಾಣದ ಭದ್ರತೆ. ಗುರುತು ಕೇಳದೆ ಆಜ್ಞೆ ಪಾಲಿಸುವ ಉಪಗ್ರಹವನ್ನು ಹಾರಿಸಗೊಡಬಾರದು; ಯಜಮಾನನ ರುಜುವಿಲ್ಲದ ಬದಲಾವಣೆಯನ್ನು ಒಪ್ಪಿಕೊಳ್ಳುವ ಮೋಡೆಮನ್ನು ಮಾರಗೊಡಬಾರದು. ಅಮೆರಿಕವು 2020ರ ಸೆಪ್ಟೆಂಬರಿನಲ್ಲಿ ಅಂತರಿಕ್ಷ ವ್ಯವಸ್ಥೆಗಳ ಸೈಬರ್ ಭದ್ರತೆಗೆಂದೇ ಅಧ್ಯಕ್ಷರ ನಿರ್ದೇಶನವೊಂದನ್ನು ಹೊರಡಿಸಿತು. ಬರಿಯ ಉಪದೇಶವಾಗಿ ಉಳಿಯದೆ ಪರವಾನಗಿಯ ಷರತ್ತಾಗಿ ಇಂಥದು ನಮ್ಮಲ್ಲಿ ಇರತಕ್ಕದ್ದು.

ಮೂರನೆಯದು ಎರಡನೆಯ ದಾರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಯಿತು. ತಾತ್ಕಾಲಿಕ ಗೇಟನ್ನು ಸಿದ್ಧಪಡಿಸಿ ಇಳಿಸುವ ತನಕ ನಮ್ಮ ಬೆಳೆಯ ನೀರು ಹೊಳೆಗೆ ಹರಿಯಿತು. ಸಿಂಧನೂರಿನ ಕಡೆ ಭತ್ತ ಹಚ್ಚಿದವರು ಆ ವಾರವನ್ನು ಹೇಗೆ ಕಳೆದರೆಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅದು ವೈರಿಯ ಕೃತ್ಯವಲ್ಲ, ಹಳೆಯ ಸರಪಳಿಯ ದೋಷ. ಆದರೆ ಪಾಠ ಒಂದೇ: ಒಂದೇ ಕೊಂಡಿಯ ಮೇಲೆ ಸಾವಿರಾರು ಸಂಸಾರಗಳನ್ನು ತೂಗುಹಾಕಬಾರದು. ದಿಲ್ಲಿಯಲ್ಲಿ ಜಿ.ಪಿ.ಎಸ್. ಸುಳ್ಳಾಡಿದಾಗ ಕೈಹಿಡಿಯಲು ನೆಲದ ಮೇಲಿನ ಹಳೆಯ ದಾರಿತೋರುವ ಯಂತ್ರಗಳಿದ್ದವು. ಬ್ಯಾಂಕು, ವಿದ್ಯುತ್ತು, ದೂರವಾಣಿಗಳಲ್ಲಿಯೂ ಉಪಗ್ರಹ ಕೈಕೊಟ್ಟ ದಿನಕ್ಕೆ ಬೇರೊಂದು ಗಡಿಯಾರ, ಬೇರೊಂದು ದಾರಿ ಇರಬೇಕು. ಹೊಸದು ಬಂತೆಂದು ಹಳೆಯದನ್ನು ಪೂರ್ತಿಯಾಗಿ ಕಿತ್ತೊಗೆಯುವುದು ಜಾಣತನವಲ್ಲ.

ನಾಲ್ಕನೆಯ ಮಾತಿನಲ್ಲಿ ಕೆಲವರಿಗೆ ನನ್ನೊಡನೆ ಭಿನ್ನಾಭಿಪ್ರಾಯ ಬರಬಹುದು. ಇಂಥ ದಾಳಿಗಳ ಸುದ್ದಿಯನ್ನು ಮುಚ್ಚಿಡುವುದೇ ರಕ್ಷಣೆಯೆಂದು ಅವರು ಭಾವಿಸುತ್ತಾರೆ. ಇಸ್ರೋದ ಮೇಲೆ ದಿನಕ್ಕೆ ನೂರಕ್ಕೂ ಹೆಚ್ಚು ಸೈಬರ್ ದಾಳಿಗಳು ಆಗುತ್ತವೆಂದು ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಅವರು 2023ರ ಅಕ್ಟೋಬರಿನಲ್ಲಿ ಕೊಚ್ಚಿಯಲ್ಲಿ ಬಹಿರಂಗವಾಗಿಯೇ ಹೇಳಿದರು; ಅದರಿಂದ ಯಾವ ಆಕಾಶವೂ ಕಳಚಿ ಬೀಳಲಿಲ್ಲ. 2022ರ ಏಪ್ರಿಲಿನ ಆದೇಶದಂತೆ ಸೈಬರ್ ಘಟನೆಯನ್ನು ಆರು ಗಂಟೆಗಳೊಳಗೆ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆಗೆ ತಿಳಿಸಬೇಕು. ಒಳ್ಳೆಯದು. ಆದರೆ ಗಾಯ ಮಾಯ್ದ ಮೇಲಾದರೂ ಅದು ಹೇಗಾಯಿತೆಂಬುದನ್ನು ಜನರಿಗೆ ಹೇಳಬೇಕು. ಕೆಎ-ಸ್ಯಾಟ್ ಜಾಲವನ್ನು ನಡೆಸುತ್ತಿದ್ದ ವಯಾಸ್ಯಾಟ್ ಕಂಪನಿಯು ಸುಮಾರು ಒಂದು ತಿಂಗಳಲ್ಲಿಯೇ ದಾಳಿಯ ಬಗೆಯನ್ನು ಪ್ರಕಟಿಸಿತು. ಜಗತ್ತಿನ ಎಂಜಿನಿಯರರು ಅದನ್ನೋದಿ ತಮ್ಮತಮ್ಮ ಬಾಗಿಲುಗಳನ್ನು ನೋಡಿಕೊಂಡರು.

ಹೇಳದಿದ್ದರೆ ಗಾಳಿಸುದ್ದಿ ಹುಟ್ಟುತ್ತದೆ. 2010ರ ಜುಲೈಯಲ್ಲಿ ನಮ್ಮ ಇನ್ಸಾಟ್-4ಬಿ ಉಪಗ್ರಹದಲ್ಲಿ ವಿದ್ಯುತ್ ದೋಷವುಂಟಾಗಿ 24 ಟ್ರಾನ್ಸ್‌ಪಾಂಡರುಗಳಲ್ಲಿ ಅರ್ಧವನ್ನು ನಿಲ್ಲಿಸಬೇಕಾಯಿತು. ಆಗಷ್ಟೇ ಬೆಳಕಿಗೆ ಬಂದಿದ್ದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ಹುಳುವೇ ಇದಕ್ಕೆ ಕಾರಣವಿರಬಹುದೆಂದು ಕೆಲವರು ಊಹಿಸಿದರು. ಇಸ್ರೋ ಅಧಿಕಾರಿಗಳು ಅದನ್ನು ಅಲ್ಲಗಳೆದರು. ಊಹೆಗೂ ಸತ್ಯಕ್ಕೂ ನಡುವಿನ ಅಂತರವನ್ನು ತುಂಬುವುದು ಪ್ರಕಟವಾದ ದಾಖಲೆಯೇ ಹೊರತು ಮೌನವಲ್ಲ.

ಗುಟ್ಟಿನ ವಿಚಾರದಲ್ಲಿ ನಮಗೆ ದಾರಿ ತೋರಿದವನು ಭಾಷೆಯ ಅಧ್ಯಾಪಕನೊಬ್ಬ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಹಾಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಜರ್ಮನ್ ಭಾಷೆಯನ್ನು ಕಲಿಸುತ್ತಿದ್ದ ಆಗಸ್ಟ್ ಕೆರ್ಕಾಫ್ಸ್ ಎಂಬವನು 1883ರಲ್ಲಿ ಒಂದು ತತ್ತ್ವವನ್ನು ಸಾರಿದ: ಗುಪ್ತಲಿಪಿಯ ಪದ್ಧತಿಯೆಲ್ಲವೂ ವೈರಿಗೆ ತಿಳಿದರೂ, ಕೀಲಿಯೊಂದು ಮಾತ್ರ ಗುಟ್ಟಾಗಿದ್ದರೆ ಸಂದೇಶವು ಸುರಕ್ಷಿತವಾಗಿರಬೇಕು. ಬೀಗದ ರಚನೆಯನ್ನು ಮುಚ್ಚಿಟ್ಟು ನೆಮ್ಮದಿಯಾಗಿರುವುದು ದುರ್ಬಲ ಬೀಗದ ಲಕ್ಷಣ. ಇಂದಿನ ಗುಪ್ತಲಿಪಿ ಶಾಸ್ತ್ರವೆಲ್ಲ ಆ ತತ್ತ್ವದ ಮೇಲೆಯೇ ನಿಂತಿದೆ. ಕಲಾ ವಿಭಾಗದವರಿಗೆ ಇಲ್ಲೇನು ಕೆಲಸವೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚದು.

ಆದುದರಿಂದ ನಮ್ಮ ಅಧ್ಯಾಪಕ ಮಹನೀಯರಲ್ಲಿ ಒಂದು ವಿನಂತಿ. ಇತಿಹಾಸದ ವಿದ್ಯಾರ್ಥಿಗಳಿಗೆ ಶಾಸನದ ಕೃತ್ರಿಮತೆಯನ್ನು ಕಂಡುಹಿಡಿಯುವುದನ್ನು ಕಲಿಸುವಾಗ ಕಂಪ್ಯೂಟರ್ ಸಂದೇಶದ ರುಜುವಾತನ್ನೂ ಒಂದು ಗಂಟೆ ಹೇಳಿಕೊಡಿ. ರಾಜ್ಯಶಾಸ್ತ್ರದ ತರಗತಿಯಲ್ಲಿ 1967ರ ಅಂತರಿಕ್ಷ ಒಪ್ಪಂದವನ್ನು ಓದಿಸಿ. ಕಂಪ್ಯೂಟರ್ ಜಾಲಗಳು ಹುಟ್ಟುವ ಮುಂಚಿನ ಆ ಒಪ್ಪಂದವು ಇಂದಿನ ಸೈಬರ್ ದಾಳಿಯ ಬಗ್ಗೆ ಏನನ್ನೂ ಹೇಳದಿರುವುದನ್ನು ಚರ್ಚೆಗೆ ಇಡಿ. ಕನ್ನಡದ ವಿದ್ಯಾರ್ಥಿಗಳು ಈ ವಿಷಯವನ್ನು ರೈತರಿಗೂ ಅಂಗಡಿಕಾರರಿಗೂ ತಿಳಿಯುವ ಮಾತಿನಲ್ಲಿ ಬರೆಯಲಿ. ಹಾಗೆಯೇ ಸಹಪಾಠಿಗಳಲ್ಲಿ ಇನ್ನೊಂದು ಮಾತು: ನಮ್ಮಲ್ಲಿ ಹಲವರು ನಾಳೆ ಬ್ಯಾಂಕು, ತಹಶೀಲ್ ಕಚೇರಿ, ವಿದ್ಯುತ್ ಕಚೇರಿಗಳಲ್ಲಿ ಕೂಡುವವರು. ಕೊಟ್ಟ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸುವವರೂ, ಗುರುತಿಲ್ಲದವನ ಸಂದೇಶಕ್ಕೆ “ಆಗಲಿ” ಎಂದು ಒತ್ತುವವರೂ ನಾವೇ ಆಗಬಹುದು. ಹಾಗೆ ಮಾಡದೆ ನಿಲ್ಲುವವರೂ ನಾವೇ ಆಗಬಹುದು. ಉಪಗ್ರಹವನ್ನು ಕಟ್ಟುವ ಯೋಗ್ಯತೆ ನಮಗೆಲ್ಲರಿಗೂ ಬರಲಾರದು. ಅದರ ಬಾಗಿಲಲ್ಲಿ ನಿಂತು, ಬಂದವರನ್ನು “ನೀವು ಯಾರು?” ಎಂದು ಕೇಳುವ ಯೋಗ್ಯತೆ ಎಲ್ಲರಿಗೂ ಬರಬಹುದು, ಬರಬೇಕು.